ಜಾತ್ರೆಯಿಂದ ಬಂದ ಜೋಡೆತ್ತು

ಪುಷ್ಯಮಾಸ ಬಂತೆಂದರೆ ಹಳೆ ಮೈಸೂರು ಸೀಮೆಯಲ್ಲಿ ದನಗಳ ಜಾತ್ರೆಗಳ ಕಾಲ. ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಮುಡುಕುತೊರೆ, ಬೂಕನಬೆಟ್ಟ, ಹೇಮಗಿರಿ ಎಂದು ಹೆಸರು ಹೇಳುತ್ತ ಹೋದರೆ ಪಟ್ಟಿ ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯವರೆಗೂ ಬೆಳೆಯುತ್ತದೆ. ಕೊಂಬಿಗೆ ಕೊಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು. ಹಳ್ಳಿಕಾರ್ ಹೋರಿಗಳು ಶಾಮಿಯಾನದ ನೆರಳಿನಲ್ಲಿ ಮದುಮಕ್ಕಳಂತೆ ನಿಂತಿರುತ್ತವೆ. ಒಳ್ಳೆಯ ಜೋಡಿಗೆ ಲಕ್ಷಗಳ ಲೆಕ್ಕದಲ್ಲಿ ಬೆಲೆ. ಕೊಳ್ಳಲು ಹಾವೇರಿ, ಧಾರವಾಡ, ಬಳ್ಳಾರಿ, ರಾಯಚೂರು ಕಡೆಯಿಂದ ರೈತರು ಬರುತ್ತಾರೆ, ನೆರೆರಾಜ್ಯಗಳಿಂದಲೂ ಬರುತ್ತಾರೆ.

ಅಲ್ಲಿ ವ್ಯಾಪಾರ ನಡೆಯುವ ಬಗೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕೊಳ್ಳುವವನು ಮೊದಲು ಕೇಳುವುದು ವಯಸ್ಸು. ಆದರೆ ಮಾರುವವನ ಮಾತನ್ನು ನಂಬುವವರು ಯಾರು? ದಲ್ಲಾಳಿ ಮೂಗುದಾರ ಹಿಡಿದು, ಕೆಳತುಟಿ ಮಡಿಚಿ, ಬಾಯಿಗೆ ಬೆರಳು ಹಾಕಿ ಹಲ್ಲು ನೋಡುತ್ತಾನೆ. ದನಗಳಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ. ಕೆಳಗಿನ ಎಂಟು ಹಾಲುಹಲ್ಲುಗಳು ಜೋಡಿ ಜೋಡಿಯಾಗಿ ಬಿದ್ದು ಹೊಸ ಹಲ್ಲು ಬರುತ್ತವೆ. ಎರಡೂವರೆ ವರ್ಷದ ಸುಮಾರಿಗೆ ಎರಡು ಹಲ್ಲು, ಐದು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ತಪ್ಪಿಲ್ಲದೆ ಓದುವ ಪ್ರಾಣಿಶಾಸ್ತ್ರ ಇದು. ಹಲ್ಲು ನೋಡಿದ ಕೈಯನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿ, ಅದೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಕುದುರದಿದ್ದರೆ ಪಕ್ಕದ ಹೋರಿ, ಅದರ ಬಾಯಿ, ಅದೇ ಕೈ. ಹೊತ್ತು ಮುಳುಗುವುದರೊಳಗೆ ಒಬ್ಬ ದಲ್ಲಾಳಿಯ ಬೆರಳು ಎಷ್ಟು ಬಾಯಿಗಳನ್ನು ಹೊಕ್ಕು ಬಂದಿರಬಹುದು ಎಂದು ಊಹಿಸಿ.

ಕಾಲುಬಾಯಿ ಜ್ವರದ ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ವಾಹನ ಸಿಗಲಾರದು. ಈ ಜ್ವರ ಬಂದ ದನದ ನಾಲಿಗೆ, ಒಸಡು, ಗೊರಸಿನ ಸಂದುಗಳಲ್ಲಿ ನೀರುಗುಳ್ಳೆ ಏಳುತ್ತವೆ. ಒಡೆದ ಗುಳ್ಳೆಯ ನೀರಿನಲ್ಲಿ, ಜೊಲ್ಲಿನಲ್ಲಿ, ಉಸಿರಿನಲ್ಲಿ, ಹಾಲಿನಲ್ಲಿ ವೈರಸ್ ತುಂಬಿರುತ್ತದೆ. ದೊಡ್ಡ ದನಗಳು ಬಹುಪಾಲು ಬದುಕಿಕೊಳ್ಳುತ್ತವೆ, ಎಳೆಗರುಗಳು ಹೃದಯಕ್ಕೆ ಪೆಟ್ಟು ಬಿದ್ದು ಸಾಯುವುದುಂಟು. ಬದುಕಿದರೂ ಹಸುವಿನ ಹಾಲು ಇಳಿಯುತ್ತದೆ, ಎತ್ತು ಮೊದಲಿನಂತೆ ಉಳಲಾರದು, ಬಿಸಿಲಿಗೆ ಏದುಸಿರು ಬಿಡುತ್ತದೆ. 2013ರಲ್ಲಿ ಕೋಲಾರ, ರಾಮನಗರದ ಸುತ್ತಿನ ಊರುಗಳಲ್ಲಿ ಈ ರೋಗ ಉಗ್ರವಾಗಿ ಹಬ್ಬಿ, ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. ಸೀಮೆಹಸುವಿನ ಹಾಲನ್ನೇ ನಂಬಿ ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಿದ್ದ ಮನೆಗಳಿಗೆ ಅದು ಎಂಥ ಹೊಡೆತ ಎಂಬುದನ್ನು ವಿವರಿಸಬೇಕಿಲ್ಲ.

ವಿಜ್ಞಾನದ ಚರಿತ್ರೆಯಲ್ಲೂ ಈ ರೋಗಕ್ಕೊಂದು ವಿಶೇಷ ಸ್ಥಾನವಿದೆ. 1897ರಲ್ಲಿ ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್ ಮತ್ತು ಪೌಲ್ ಫ್ರೋಷ್ ಎಂಬ ವಿಜ್ಞಾನಿಗಳು ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಗಳು ದಾಟಲಾಗದ ಸೋಸುಕದಲ್ಲಿ ಸೋಸಿ, ಸೋಸಿದ್ದನ್ನು ಕರುಗಳಿಗೆ ಚುಚ್ಚಿದರು. ಕರುಗಳಿಗೆ ರೋಗ ಬಂತು. ಸೋಸುಕದ ಮೂಲಕ ಇಳಿದದ್ದು ಬರೀ ವಿಷವಿರಬಹುದಲ್ಲ? ಹಾಗಿದ್ದರೆ ಒಂದು ಕರುವಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸುತ್ತ ಹೋದಂತೆ ವಿಷ ತೆಳುವಾಗಿ ರೋಗ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸೋಸುಕಕ್ಕೂ ಸಿಗದ, ಆದರೆ ಮೈಯೊಳಗೆ ವೃದ್ಧಿಯಾಗುವ ಏನೋ ಇದೆ ಎಂದು ಅವರು ತೀರ್ಮಾನಿಸಿದರು. ಪ್ರಾಣಿಗಳಿಗೆ ರೋಗ ತರುವ ವೈರಸ್ಸೊಂದು ಪತ್ತೆಯಾದದ್ದು ಅದೇ ಮೊದಲು. ಒಂದು ಮಿಲಿಮೀಟರನ್ನು 40 ಸಾವಿರ ಭಾಗ ಮಾಡಿದರೆ ಸಿಗುವ ಒಂದು ಭಾಗದಷ್ಟೇ ಅದರ ಗಾತ್ರ. ಮುಂದಿನ ಪ್ರಯೋಗಗಳ ಕಾಲದಲ್ಲಿ ಸುತ್ತಲಿನ ಊರುಗಳ ದನಗಳಿಗೂ ಸೋಂಕು ತಗುಲಿತು. ಹೀಗಾಗಿ 1910ರಲ್ಲಿ ಲೋಫ್ಲರ್ ತಮ್ಮ ಪ್ರಯೋಗಾಲಯವನ್ನೇ ರೀಮ್ಸ್ ಎಂಬ ದ್ವೀಪಕ್ಕೆ ಒಯ್ಯಬೇಕಾಯಿತು. ಈ ವೈರಸ್ಸನ್ನು ಕಟ್ಟಿಹಾಕಲು ಗೋಡೆ ಸಾಲದು, ಸುತ್ತ ನೀರು ಬೇಕು ಎಂಬುದು ಕಂಡುಹಿಡಿದವರಿಗೇ ಆದ ಅನುಭವ.

ಜಾತ್ರೆಗೆ ಬಂದ ದನಗಳಲ್ಲಿ ಅಪಾಯಕಾರಿ ಯಾವುದು? ಜೊಲ್ಲು ಸುರಿಸುತ್ತ ಕುಂಟುವ ದನ ಎಂದು ಯಾರಾದರೂ ಹೇಳಿಯಾರು. ಅಂಥ ದನವನ್ನು ಯಾವ ರೈತನೂ ಮಾರಾಟಕ್ಕೆ ಹೊಡೆದುಕೊಂಡು ಬರುವುದಿಲ್ಲ, ಬಂದರೂ ಯಾರೂ ಕೊಳ್ಳುವುದಿಲ್ಲ. ಅಪಾಯವಿರುವುದು ಮಿರಮಿರ ಮಿಂಚುವ, ಚೆನ್ನಾಗಿ ಮೇಯುವ, ನೋಡಿದವರ ಕಣ್ಣು ತಾಗುವಂಥ ಹೋರಿಯಲ್ಲಿ. ಸೋಂಕು ತಗುಲಿದ ದಿನಕ್ಕೂ ರೋಗದ ಗುರುತು ಕಾಣುವ ದಿನಕ್ಕೂ ನಡುವೆ ಅಂತರವಿದೆ. ಕಾಲುಬಾಯಿ ಜ್ವರದಲ್ಲಿ ಅದು ಸಾಮಾನ್ಯವಾಗಿ 2ರಿಂದ 14 ದಿನ. ಗುಳ್ಳೆ ಕಾಣುವ ಮೊದಲೇ ಹಾಲು, ಜೊಲ್ಲುಗಳಲ್ಲಿ ವೈರಸ್ ಹೊರಬೀಳಲೂಬಹುದು. ಕುರಿ, ಮೇಕೆಗಳಲ್ಲಂತೂ ರೋಗ ಎಷ್ಟು ಸೌಮ್ಯವಾಗಿ ಬಂದು ಹೋಗುತ್ತದೆಂದರೆ ಸಾಕಿದವರಿಗೇ ಗೊತ್ತಾಗುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಜಾತ್ರೆಯ ಮೊದಲ ದಿನ ಒಂದು ಹೋರಿಗೆ ಸೋಂಕು ತಗುಲಿತು ಎನ್ನಿ. ಮೂರನೆಯ ದಿನ ಅದು ಮಾರಾಟವಾಯಿತು. ರಾತ್ರಿ ಲಾರಿ ಹತ್ತಿದ ಜೋಡಿ ಬೆಳಗಾಗುವುದರೊಳಗೆ ಮುನ್ನೂರು ಕಿಲೋಮೀಟರ್ ದಾಟಿ ಹೊಸ ಕೊಟ್ಟಿಗೆ ಸೇರಿತು. ಐದನೆಯ ದಿನ ಊರಿನ ಕೆರೆಯಲ್ಲಿ ಮೈ ತೊಳೆಸಿ, ಆರತಿ ಎತ್ತಿ, ಬೀದಿಯಲ್ಲಿ ಮೆರೆಸಿದ್ದಾಯಿತು. ಏಳನೆಯ ದಿನ ಹೋರಿ ಮೇವು ಬಿಟ್ಟಿತು, ಬಾಯಲ್ಲಿ ಚಪ್ಪರಿಸುವ ಸದ್ದು. ಎಂಟನೆಯ ದಿನ ಪಶುವೈದ್ಯರು ಬಂದು ನಾಲಿಗೆ ಎಳೆದು ನೋಡಿದಾಗ ಗುಳ್ಳೆ. ಅಷ್ಟರಲ್ಲಿ ಆ ಕೊಟ್ಟಿಗೆಯ ಹಸು, ಕರು, ಪಕ್ಕದ ಮನೆಯ ಎಮ್ಮೆ ಎಲ್ಲಕ್ಕೂ ಅದರ ಉಸಿರು ತಾಕಿಯಾಗಿದೆ. ಜಾತ್ರೆಯ ಮೈದಾನವಂತೂ ಎಂದೋ ಖಾಲಿಯಾಗಿ, ಅಲ್ಲಿದ್ದ ಸಾವಿರಾರು ದನಗಳು ಹತ್ತಾರು ಜಿಲ್ಲೆಗಳಿಗೆ ಚದುರಿಹೋಗಿವೆ.

ಹಿಂದೆ ದನಗಳನ್ನು ನಡೆಸಿಕೊಂಡೇ ಬರುತ್ತಿದ್ದರು. ದೂರದ ಜಾತ್ರೆಯೆಂದರೆ ಹತ್ತಾರು ದಿನದ ಹಾದಿ. ರೋಗ ಒಳಗಿದ್ದರೆ ದಾರಿಯಲ್ಲೇ ಹೊರಬೀಳುತ್ತಿತ್ತು, ಆ ದನ ಮನೆ ಮುಟ್ಟುತ್ತಿರಲಿಲ್ಲ. ದಾರಿಯ ಊರುಗಳಿಗೆ ರೋಗ ಹಂಚುತ್ತ ಬರುತ್ತಿತ್ತು ಎಂಬುದೂ ನಿಜ. ದೊಡ್ಡರೋಗ ದೇಶದಿಂದ ದೇಶಕ್ಕೆ ಹಬ್ಬಿದ್ದೇ ಹಾಗೆ. 2011ರಲ್ಲಿ ಇಡೀ ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿಸುವವರೆಗೂ ಅದು ದನಗಾಹಿಗಳ ದುಃಸ್ವಪ್ನವಾಗಿತ್ತು. ಆದರೂ ಕಾಲ್ನಡಿಗೆಗೆ ಒಂದು ಗುಣವಿತ್ತು: ರೋಗಕ್ಕಿಂತ ನಿಧಾನವಾಗಿ ಸಾಗುವುದು. ಲಾರಿ ರೋಗವನ್ನು ಹಿಂದೆ ಹಾಕಿ ಮುಂದೆ ಹೋಗುತ್ತದೆ.

ಲಾರಿಯೂ ಸಂತೆಯೂ ಕೂಡಿದರೆ ಏನಾಗಬಹುದೆಂಬುದನ್ನು ಬ್ರಿಟನ್ 2001ರಲ್ಲಿ ಕಂಡಿತು. ಅಲ್ಲಿಯ ನಾರ್ದಂಬರ್‌ಲೆಂಡ್ ಪ್ರಾಂತ್ಯದ ಒಂದು ಹಂದಿ ಫಾರಂನಲ್ಲಿ ಸರಿಯಾಗಿ ಬೇಯಿಸದ ಮುಸುರೆಯ ಮೂಲಕ ಕಾಲುಬಾಯಿ ಜ್ವರ ಹೊಕ್ಕಿತು ಎಂಬುದು ತನಿಖೆಯ ತೀರ್ಮಾನ. ಅಲ್ಲಿಂದ ಹತ್ತಿರದ ಫಾರಂನ ಕುರಿಗಳಿಗೆ ತಗುಲಿತು. ಆ ಕುರಿಗಳು ಫೆಬ್ರವರಿ 13ರಂದು ಹೆಕ್ಸಮ್ ಎಂಬ ಊರಿನ ಸಂತೆಗೆ ಹೋದವು. ಅಲ್ಲಿ ಕೈ ಬದಲಾದ ಕುರಿಗಳು ಕಂಬ್ರಿಯ ಪ್ರಾಂತ್ಯದ ಲಾಂಗ್‌ಟೌನ್ ಎಂಬ ದೊಡ್ಡ ಸಂತೆಗೆ ಬಂದವು. ಒಂದಕ್ಕೂ ಮೇಲ್ನೋಟಕ್ಕೆ ರೋಗವಿಲ್ಲ. ಫೆಬ್ರವರಿ 20ರಂದು ರೋಗ ಖಚಿತವಾದದ್ದಾದರೂ ಎಲ್ಲಿ? ದೇಶದ ಇನ್ನೊಂದು ತುದಿಯ ಎಸೆಕ್ಸ್‌ನ ಕಸಾಯಿಖಾನೆಯಲ್ಲಿದ್ದ ಹಂದಿಗಳಲ್ಲಿ. ಮೂರು ದಿನ ಕಳೆದು, 23ರಂದು ಪ್ರಾಣಿ ಸಾಗಣೆಯನ್ನು ನಿಲ್ಲಿಸಿದರು. ಆ ವೇಳೆಗೆ ಹತ್ತಾರು ಫಾರಂಗಳಲ್ಲಿ ಬೆಂಕಿ ಹೊತ್ತಿಕೊಂಡಾಗಿತ್ತು. ಸೆಪ್ಟೆಂಬರಿನಲ್ಲಿ ಕೊನೆಯ ಪ್ರಕರಣ ಮುಗಿಯುವ ವೇಳೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಗಿತ್ತು. ಅವುಗಳಲ್ಲಿ ಬಹಳಷ್ಟು ಆರೋಗ್ಯವಾಗಿದ್ದವು. ಆ ವರ್ಷ ರಾಯಲ್ ಷೋ ಎಂಬ ಅವರ ಹೆಸರಾಂತ ಕೃಷಿ ಪ್ರದರ್ಶನವೂ ನಡೆಯಲಿಲ್ಲ. ಪಾರ್ಲಿಮೆಂಟಿನ ಚುನಾವಣೆ ಕೂಡ ಒಂದು ತಿಂಗಳು ಮುಂದಕ್ಕೆ ಹೋಯಿತು.

ಆಮೇಲೆ ಇಂಗ್ಲೆಂಡ್ ಮಾಡಿಕೊಂಡ ನಿಯಮ ಬಹಳ ಸರಳ. ಹೊಸ ದನ, ಕುರಿ ಫಾರಂಗೆ ಬಂದರೆ 6 ದಿನ ಆ ಫಾರಂನಿಂದ ಯಾವ ದನವೂ ಕುರಿಯೂ ಹೊರಗೆ ಹೋಗಕೂಡದು. ಹಂದಿ ಬಂದರೆ ಹಂದಿಗಳಿಗೆ 20 ದಿನ. ಪ್ರದರ್ಶನಕ್ಕೆ ಹೋಗಿ ಬರುವ ಪ್ರಾಣಿಗಳನ್ನು ಪ್ರತ್ಯೇಕ ಜಾಗದಲ್ಲಿ ಕಟ್ಟಿದರೆ ಮಾತ್ರ ವಿನಾಯಿತಿ. ಕೆಲವೇ ದಿನ ಎನ್ನಬೇಡಿ, ಒಂದು ಸಂತೆಯಿಂದ ಮರುದಿನವೇ ಇನ್ನೊಂದು ಸಂತೆಗೆ ಹಾರುವ ಸರಪಳಿ ಅಷ್ಟರಿಂದಲೇ ತುಂಡಾಗುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಅನುಸರಿಸುವ ದಾರಿ ನಿಷೇಧ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದಲ್ಲಿ ದನಗಳ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿತ್ತು. ರೋಗ ಉರಿಯುತ್ತಿರುವಾಗ ಇದು ಸರಿಯೇ. 2009ರ ಕೇಂದ್ರ ಕಾಯ್ದೆಯೂ ರೋಗವಿರುವ ಪ್ರದೇಶದಲ್ಲಿ ಸಂತೆ, ಜಾತ್ರೆ, ಪ್ರದರ್ಶನಗಳನ್ನು ತಡೆಯುವ ಅವಕಾಶ ಕೊಟ್ಟಿದೆ. ಆದರೆ ಜಾತ್ರೆ ನಿಂತರೆ ಮಾರಾಟ ನಿಲ್ಲುತ್ತದೆಯೆ? ಸಾಲ ತೀರಿಸಲು, ಮಗಳ ಮದುವೆಗೆ ಎಂದು ಹೋರಿ ಸಾಕಿದವನು ಮಾರಲೇಬೇಕು. ಮೈದಾನದಲ್ಲಿ ವೈದ್ಯರ ಕಣ್ಣೆದುರು ನಡೆಯಬೇಕಾದ ವ್ಯಾಪಾರ ತೋಪಿನಲ್ಲಿ, ರಸ್ತೆ ಬದಿಯಲ್ಲಿ ನಡೆಯುತ್ತದೆ. ರೋಗವಿಲ್ಲದ ವರ್ಷಗಳಲ್ಲಿ ಜಾತ್ರೆಯನ್ನು ಕಟ್ಟುನಿಟ್ಟಾಗಿ ನಡೆಸಿದರೆ ಮಾತ್ರ ರೋಗ ಬಂದ ವರ್ಷದ ನಿಷೇಧಕ್ಕೆ ಬೆಲೆ ಬರುತ್ತದೆ. ಒಂದೇ ಪ್ರವೇಶದ್ವಾರ, ಅಲ್ಲಿ ಕಿವಿಯೋಲೆಯ 12 ಅಂಕಿಯ ಸಂಖ್ಯೆ ನೋಡಿ ಲಸಿಕೆ ದಾಖಲೆ ತಾಳೆ ಹಾಕುವುದು, ಕುರಿಮೇಕೆಗಳಿಗೆ ಬೇರೆ ಜಾಗ, ಎಲ್ಲ ದನಗಳೂ ಮೂತಿಯಿಡುವ ಒಂದೇ ತೊಟ್ಟಿಯ ಬದಲು ನಲ್ಲಿಯಿಂದ ಅವರವರ ಬಕೆಟ್ಟಿಗೆ ನೀರು. ಇವೇನೂ ಕೋಟಿ ರೂಪಾಯಿಯ ಕೆಲಸಗಳಲ್ಲ.

ಅದೇ ಕಾಯ್ದೆ ದನದ ಮಾಲೀಕನ ಮೇಲೂ ಒಂದು ಹೊಣೆ ಹೊರಿಸಿದೆ. ರೋಗದ ಗುಮಾನಿ ಬಂದ ಕೂಡಲೇ ತಿಳಿಸಬೇಕು, ಆ ದನವನ್ನು ಬೇರೆ ಕಟ್ಟಬೇಕು. ಬರೆಯುವುದು ಸುಲಭ. ಜಾತ್ರೆಯ ಮೂರನೆಯ ದಿನ ಬೆಳಗ್ಗೆ ತನ್ನ ಹೋರಿಯ ಬಾಯಂಚಿನಲ್ಲಿ ನೊರೆ ಕಂಡವನ ಸ್ಥಿತಿಯನ್ನು ಯೋಚಿಸಿ. ಹೇಳಿದರೆ ಅವನ ಹೋರಿಯಷ್ಟೇ ಅಲ್ಲ, ಅಕ್ಕಪಕ್ಕದವರ ವ್ಯಾಪಾರವೂ ಕೆಡುತ್ತದೆ, ಊರವರ ಶಾಪ ತಟ್ಟುತ್ತದೆ. ಹೇಳದೆ ಸಂಜೆಯೊಳಗೆ ಮಾರಿದರೆ ಲಕ್ಷ ರೂಪಾಯಿ ಕೈಗೆ ಬರುತ್ತದೆ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಎತ್ತಿಗೆ ಸರ್ಕಾರ ಘೋಷಿಸಿದ ಪರಿಹಾರ 30 ಸಾವಿರ ರೂಪಾಯಿ, ಹಸುವಿಗೆ 20 ಸಾವಿರ. ಅದೂ ಸತ್ತ ಮೇಲೆ. ರೋಗವನ್ನು ಮೊದಲೇ ತಿಳಿಸಿ ಮಾರಾಟ ನಿಲ್ಲಿಸಿದವನ ನಷ್ಟವನ್ನೂ ಯಾರಾದರೂ ತುಂಬಿಕೊಡುವವರೆಗೆ ನೊರೆಯನ್ನು ಒರೆಸಿ ಹಾಕುವ ಟವೆಲುಗಳಿಗೆ ಕೊರತೆಯಾಗದು.

ಲಸಿಕೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಜಾತ್ರೆಗೆ ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಆಯಿತು ಎಂದುಕೊಳ್ಳುವವರಿದ್ದಾರೆ. ಲಸಿಕೆ ಚುಚ್ಚಿದ ಕ್ಷಣಕ್ಕೆ ರಕ್ಷಣೆ ಬರುವುದಿಲ್ಲ; ಮೈ ತನ್ನ ಪ್ರತಿಕಾಯಗಳನ್ನು ತಾನೇ ತಯಾರಿಸಿಕೊಳ್ಳಬೇಕು, ಅದಕ್ಕೆ ಎರಡು ಮೂರು ವಾರ ಬೇಕು. ಆರು ತಿಂಗಳ ಹೊತ್ತಿಗೆ ಆ ರಕ್ಷಣೆ ಸೊರಗುತ್ತದೆ. ಹಾಗಾಗಿಯೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳಿಗೆ ವರ್ಷಕ್ಕೆ ಎರಡು ಬಾರಿ ಲಸಿಕೆ. ಕರುಗಳಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ತಿಂಗಳು ಬಿಟ್ಟು ಇನ್ನೊಂದು. ಈ ವೈರಸ್ಸಿನಲ್ಲಿ ಏಳು ಬಗೆಗಳಿದ್ದು ಒಂದರ ಲಸಿಕೆ ಇನ್ನೊಂದಕ್ಕೆ ನಾಟುವುದಿಲ್ಲ. ನಮ್ಮ ದೇಶದಲ್ಲಿ ಕಾಡುವ ಓ, ಎ, ಏಷ್ಯಾ-1 ಎಂಬ ಮೂರಕ್ಕೂ ಸೇರಿಸಿಯೇ ಲಸಿಕೆ ತಯಾರಾಗುತ್ತದೆ. ಚುಚ್ಚಿಸಿದರೆ ಒಂದೆರಡು ದಿನ ಹಾಲು ಕಡಿಮೆಯಾದೀತು ಎಂದು ಹಿಂಜರಿಯುವವರು, ರೋಗ ಬಂದರೆ ಎಷ್ಟು ತಿಂಗಳ ಹಾಲು ಹೋದೀತು ಎಂದು ಪಕ್ಕದಲ್ಲೇ ಬರೆದು ನೋಡಬಹುದು.

ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರಿಗೆ ಒಂದು ಮಾತು. ಮಕ್ಕಳಿಗೆ ಬರುವ ಕೈ, ಕಾಲು, ಬಾಯಿ ರೋಗಕ್ಕೂ ದನಗಳ ಕಾಲುಬಾಯಿ ಜ್ವರಕ್ಕೂ ಸಂಬಂಧವಿಲ್ಲ. ಹೆಸರಷ್ಟೇ ಹತ್ತಿರ, ವೈರಸ್ ಬೇರೆ. ಹಾಗೆಂದು ಪ್ರಾಣಿಗಳಿಂದ ಮನುಷ್ಯರಿಗೆ ಏನೂ ಬರುವುದಿಲ್ಲ ಎಂದಲ್ಲ. 2012ರ ಬೇಸಿಗೆಯಲ್ಲಿ ಅಮೆರಿಕದ ಇಂಡಿಯಾನ, ಒಹಾಯೊ ಮುಂತಾದ ರಾಜ್ಯಗಳ ಕೃಷಿ ಮೇಳಗಳಲ್ಲಿ ಪ್ರದರ್ಶನದ ಹಂದಿಗಳಿಂದ ಫ್ಲೂ ಜ್ವರದ ಒಂದು ಬಗೆ 300ಕ್ಕೂ ಹೆಚ್ಚು ಜನರಿಗೆ ತಗುಲಿತು. ಅವರಲ್ಲಿ ಹೆಚ್ಚಿನವರು ಮಕ್ಕಳು, ತಾವೇ ಸಾಕಿದ ಹಂದಿಯನ್ನು ಪ್ರದರ್ಶನಕ್ಕೆ ತಂದವರೂ ಇದ್ದರು. ಪ್ರಾಣಿಗಳಿರುವ ಚಪ್ಪರದೊಳಗೆ ತಿಂಡಿ, ಪಾನೀಯ ಒಯ್ಯಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಈಗ ಒತ್ತಿ ಹೇಳುತ್ತವೆ. ನಮ್ಮ ಜಾತ್ರೆಗಳಲ್ಲಿ ಒಂದು ಕೈ ಹೋರಿಯ ಮೂತಿಯ ಮೇಲೆ, ಇನ್ನೊಂದು ಕೈ ಕಡ್ಲೆಪುರಿಯ ಪೊಟ್ಟಣದಲ್ಲಿ.

ಇನ್ನು ಜೋಡೆತ್ತು ಮನೆಗೆ ಬಂದ ಮೇಲಿನ ಮಾತು. ಜಾತ್ರೆಯ ಮೈದಾನದಲ್ಲಿ ಏನು ನಡೆಯಬೇಕು ಎಂಬುದು ಸರ್ಕಾರದ, ಸಮಿತಿಯ ಕೈಯಲ್ಲಿದೆ. ಹಿತ್ತಲಲ್ಲಿ ಏನು ನಡೆಯಬೇಕು ಎಂಬುದು ಮನೆಯವರ ಕೈಯಲ್ಲಿದೆ. ಹೊಸ ಜೋಡಿಯಾಗಲಿ, ಪ್ರದರ್ಶನದಲ್ಲಿ ಬಹುಮಾನ ಗೆದ್ದು ಮರಳಿದ ಹಳೆಯ ಹಸುವಾಗಲಿ, ಕನಿಷ್ಠ ಮೂರು ವಾರ ಕೊಟ್ಟಿಗೆಗೆ ಸೇರಿಸದೆ ದೂರದ ಹುಣಸೆ ಮರದಡಿಯೋ ಬಣವೆಯಾಚೆಯೋ ಕಟ್ಟಬೇಕು. ನಾಲ್ಕು ವಾರವಾದರೆ ಚರ್ಮಗಂಟು ರೋಗದ ಲೆಕ್ಕವೂ ಮುಗಿಯುತ್ತದೆ. ಅದರ ಅಂತರ 28 ದಿನವೆಂದು ಹಿಡಿಯುವ ವಾಡಿಕೆ. ಬೇರೆ ಬಕೆಟ್ಟು, ಬೇರೆ ಹಗ್ಗ, ಬೇರೆ ಮೇವಿನ ಬುಟ್ಟಿ. ಮನೆಯ ದನಗಳಿಗೆ ಮೊದಲು ಹುಲ್ಲು ಹಾಕಿ, ಹಾಲು ಕರೆದು, ಕಡೆಯಲ್ಲಿ ಹೊಸಬರ ಬಳಿಗೆ ಹೋಗಬೇಕು. ಈ ಅನುಕ್ರಮ ತಿರುಗಾಮುರುಗಾ ಆದರೆ ಕಟ್ಟಿದ ದೂರವೆಲ್ಲ ವ್ಯರ್ಥ, ಏಕೆಂದರೆ ವೈರಸ್ ಮನೆಯವರ ಕೈಕಾಲುಗಳ ಮೇಲೆ ನಡೆದು ಬರುತ್ತದೆ.

ತೊಳೆಯುವುದರಲ್ಲೂ ಸ್ವಲ್ಪ ರಸಾಯನಶಾಸ್ತ್ರವಿದೆ. ಕೊರೊನಾ ಕಾಲದಲ್ಲಿ ಸೋಪು ವೈರಸ್ಸನ್ನು ಕೊಲ್ಲುತ್ತದೆ ಎಂದು ಎಲ್ಲರೂ ಕಲಿತರು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ, ಸೋಪು ಅದನ್ನು ಕರಗಿಸುತ್ತದೆ. ಚರ್ಮಗಂಟು ವೈರಸ್ಸಿಗೂ ಅಂಥ ಹೊದಿಕೆಯಿದೆ. ಕಾಲುಬಾಯಿ ವೈರಸ್ಸಿಗೆ ಇಲ್ಲ. ಸೋಪು ಅದನ್ನು ಕೊಚ್ಚಿ ಹಾಕಬಹುದೇ ಹೊರತು ಕೊಲ್ಲಲಾರದು. ಆದರೆ ಅದಕ್ಕೆ ಬೇರೊಂದು ದೌರ್ಬಲ್ಯವಿದೆ: ಪಿಎಚ್ 6ಕ್ಕಿಂತ ಕೆಳಗಿನ ಆಮ್ಲವನ್ನೂ 9ಕ್ಕಿಂತ ಮೇಲಿನ ಕ್ಷಾರವನ್ನೂ ಅದು ತಾಳಲಾರದು. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ, ಅಂದರೆ ಶೇಕಡಾ 4ರ ದ್ರಾವಣ, ಕಾಲು, ಚಪ್ಪಲಿ, ಬಕೆಟ್ಟು, ಲಾರಿಯ ಹಲಗೆಗಳಿಗೆ ಸಾಕು. ಅಡುಗೆಸೋಡ ಆಗದು, ಅದರ ಕ್ಷಾರ ಸಾಲದು. ಮೊದಲು ಸಗಣಿ, ಮಣ್ಣನ್ನು ನೀರಿನಿಂದ ಉಜ್ಜಿ ತೊಳೆದು, ಆಮೇಲೆ ದ್ರಾವಣ. ಸಗಣಿಯ ಪದರದಡಿ ವೈರಸ್ ಹಾಯಾಗಿರುತ್ತದೆ. ಚಪ್ಪಲಿಯ ಅಟ್ಟೆಯನ್ನು ಮರೆಯುವವರೇ ಹೆಚ್ಚು. ಚರ್ಮಗಂಟು ರೋಗಕ್ಕೆ ಮಾತ್ರ ತೊಳೆದರೆ ಸಾಲದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹೊತ್ತೊಯ್ಯುವುದರಿಂದ ಸಂಜೆ ಹೊತ್ತು ಬೇವಿನ ಸೊಪ್ಪಿನ ಹೊಗೆ ಹಾಕುವ ಹಳೆಯ ರೂಢಿಯನ್ನು ಬಿಡದಿರುವುದು ಲೇಸು.

ಮನೆಯಲ್ಲಿ ಹೈಸ್ಕೂಲು ಓದುವ ಹುಡುಗನೋ ಹುಡುಗಿಯೋ ಇದ್ದರೆ ಒಂದು ಕೆಲಸ ವಹಿಸಬಹುದು. ಗೋಡೆಗೊಂದು ಹಾಳೆ ಅಂಟಿಸಿ 28 ಮನೆಗಳನ್ನು ಗೀಚುವುದು. ದಿನವೂ ಬೆಳಗ್ಗೆ ಮೂರು ಸಂಗತಿ ಬರೆಯುವುದು: ಮೇವು ತಿಂದಿತೆ, ಬಾಯಲ್ಲಿ ನೊರೆ ಇದೆಯೆ, ಕಾಲು ಒದರುತ್ತದೆಯೆ. ಥರ್ಮಾಮೀಟರ್ ಇದ್ದು, ಹಿರಿಯರು ಜೊತೆಗಿದ್ದರೆ ಜ್ವರವನ್ನೂ ನೋಡಬಹುದು. ದನದ ಮೈಬಿಸಿ ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮನುಷ್ಯನಿಗೆ ಜ್ವರವೆನ್ನುವಷ್ಟು. 104 ದಾಟಿತೆಂದರೆ ಗುಳ್ಳೆ ಕಾಣುವವರೆಗೆ ಕಾಯಬೇಕಿಲ್ಲ. ಹತ್ತಿರದ ಪಶುವೈದ್ಯ ಆಸ್ಪತ್ರೆಗಾಗಲಿ, 1962 ಎಂಬ ಶುಲ್ಕರಹಿತ ಸಂಖ್ಯೆಗಾಗಲಿ ತಿಳಿಸಿ, ಅವರು ಬರುವವರೆಗೆ ಆ ದನ ನಿಂತ ಜಾಗದಿಂದ ಕದಲದಂತೆ, ಪಕ್ಕದ ಮನೆಯವರು ನೋಡಲು ಬಾರದಂತೆ ನೋಡಿಕೊಳ್ಳಬೇಕು. ಎತ್ತು ಯಾವ ಜಾತ್ರೆಯದು, ಯಾವ ದಿನ ಕೊಂಡದ್ದು, ಅದರ ಅಕ್ಕಪಕ್ಕ ಕಟ್ಟಿದ್ದ ದನಗಳು ಯಾವ ಊರಿಗೆ ಹೋದವು ಎಂಬುದನ್ನು ಅದೇ ಹಾಳೆಯ ತಲೆಬರಹದಲ್ಲಿ ಬರೆದಿಟ್ಟಿದ್ದರೆ ವೈದ್ಯರು ಆ ಊರುಗಳಿಗೆ ಅಂದೇ ಫೋನು ಮಾಡಬಲ್ಲರು.